ನರ್ಸಕ್ಕನ ಸೈಕಲ್ಲಿಗೆ ಯಾವ ಬಣ್ಣ

ಒಂದು ಹಳೆಯ ಸೈಕಲ್ಲಿಗೆ ಬಣ್ಣ ಬಳಿಸಬೇಕೋ ಬೇಡವೋ ಎಂದು ನಾಲ್ಕು ತಿಂಗಳು ಯೋಚಿಸಿದ ಮನುಷ್ಯನನ್ನು ನೀವು ಏನೆಂದು ಕರೆಯುತ್ತೀರೋ ನನಗೆ ಗೊತ್ತಿಲ್ಲ. ನನ್ನ ಹೆಂಡತಿ ಕರೆದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವಳ ಸಿಟ್ಟಿಗೂ ಕಾರಣವಿತ್ತು. ಆ ನಾಲ್ಕು ತಿಂಗಳೂ ಸೈಕಲ್ಲು ನಮ್ಮ ಹಿಂದಿನ ಜಗಲಿಯಲ್ಲಿ, ಒಗೆದ ಬಟ್ಟೆ ಹರವುವ ಹಗ್ಗದ ಕೆಳಗೇ ನಿಂತಿತ್ತು. ಅದರ ತುಕ್ಕು ಅವಳ ಎರಡು ಸೀರೆಗೂ ನನ್ನ ಒಂದು ಬಿಳಿ ಪಂಚೆಗೂ ಹತ್ತಿತ್ತು. ಇನ್ನೂ ಒಂದು ಮಾತನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ಅದು ಹೆಂಗಸರ ಸೈಕಲ್ಲು, ನಾನು ಗಂಡಸು. ಅದು ಗಂಡಸರ ಸೈಕಲ್ಲಾಗಿದ್ದರೂ ನಾನು ಹೊಡೆಯುತ್ತಿರಲಿಲ್ಲ, ಏಕೆಂದರೆ ನನಗೆ ಬರುವುದಿಲ್ಲ.

ಹೊನ್ನಾವರದ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಳೆದ ಚಳಿಗಾಲದಲ್ಲಿ ಮುಟ್ಟಳ್ಳಿಯಲ್ಲಿ ಕಣ್ಣು ತಪಾಸಣೆಯ ಶಿಬಿರವಿತ್ತು. ಅದನ್ನು ಮುಗಿಸಿಕೊಂಡು ಭಟ್ಕಳಕ್ಕೆ ಬಂದು, ಬಸ್ಸಿಗೆ ಹೊತ್ತಿದೆಯೆಂದು ಗೆಳೆಯ ಇಸ್ಮಾಯಿಲ್ ಸಾಹೇಬರ ಬಟ್ಟೆ ಅಂಗಡಿಗೆ ಹೋದೆ. ಸಾಹೇಬರಿಗೆ ಹಳೆಯ ಸೈಕಲ್ಲುಗಳ ಹುಚ್ಚು. ಯಾವುದೋ ಸೈಕಲ್ಲಿಗೆ ಹಳೆಯ ಕಾಲದ ದೀಪ ಬೇಕಾಗಿತ್ತಂತೆ. ಹುಡುಕಲು ನನ್ನನ್ನೂ ಗುಜರಿ ಅಂಗಡಿಗೆ ಎಳೆದುಕೊಂಡು ಹೋದರು. ಅವರು ದೀಪ ಹುಡುಕುತ್ತಿರುವಾಗ, ಮುರಿದ ಫ್ಯಾನುಗಳ ರಾಶಿಗೆ ಒರಗಿಸಿಟ್ಟ ಒಂದು ಸೈಕಲ್ಲು ನನಗೆ ಕಂಡಿತು. ಮುಂದಿನಿಂದ ಹಂಸದ ಕುತ್ತಿಗೆಯ ಹಾಗೆ ಬಾಗಿ ಇಳಿದ ಜೋಡಿ ಕೊಳವೆಯ ಫ್ರೇಮು. ಕಂದುಗೆಂಪು ಬಣ್ಣ, ಅರ್ಧಕ್ಕರ್ಧ ತುಕ್ಕು. ಚೈನಿನ ಮೇಲಿನ ತಗಡಿನ ಮುಚ್ಚಳದಲ್ಲಿ ಬಿಳಿ ಅಕ್ಷರಗಳಲ್ಲಿ ‘ಗುಲಾ’ ಎಂದು ಬರೆದಿತ್ತು. ಮುಂದಿನ ಅಕ್ಷರವನ್ನು ತುಕ್ಕು ತಿಂದಿತ್ತು. ನನಗೆ ಆ ಅಕ್ಷರ ಬೇಕಾಗಲಿಲ್ಲ. ಇದು ಗುಲಾಬಿ ನರ್ಸಕ್ಕನ ಸೈಕಲ್ಲು.

ನಾನು ಹುಡುಗನಾಗಿದ್ದಾಗ ನಮ್ಮ ಊರು ಕರ್ಕಿಯಲ್ಲಿ ಸೈಕಲ್ ಹೊಡೆಯುವ ಹೆಂಗಸು ಎಂದರೆ ಒಬ್ಬಳೇ. ಸರಕಾರದ ನರ್ಸು. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಿಂದಿನ ಕ್ಯಾರಿಯರಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು, ಗಂಟೆ ಬಾರಿಸುತ್ತ ಹೋಗುತ್ತಿದ್ದಳು. ಆ ಗಂಟೆ ಕೇಳಿದರೆ ಸೂಜಿಗೆ ಹೆದರಿ ನಾವು ಮಕ್ಕಳೆಲ್ಲ ತೋಟ ಸೇರುತ್ತಿದ್ದೆವು. ನಮ್ಮ ಅವ್ವ ಮಾತ್ರ ಆ ಹೆಸರು ಕೇಳಿದರೆ ತಾನಾಗಿ ಕೈ ಜೋಡಿಸುತ್ತಿದ್ದಳು. ನನ್ನ ತಂಗಿ ಹುಟ್ಟಿದ್ದು ಆಷಾಢದ ಮಳೆಯಲ್ಲಿ. ಅವತ್ತು ನರ್ಸಕ್ಕ ನಮ್ಮ ಮನೆಯ ತಿರುವಿನಲ್ಲಿ ಸೈಕಲ್ಲಿನೊಂದಿಗೆ ಬಿದ್ದು, ಮೊಣಕೈಯಲ್ಲಿ ರಕ್ತ ಸುರಿಯುತ್ತಿದ್ದರೂ ಒಳಗೆ ಬಂದು, ಕೈ ತೊಳೆದು, ಹೆರಿಗೆ ಮಾಡಿಸಿ, ಆಮೇಲೆ ತನ್ನ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಂಡಳಂತೆ. ಈ ಕಥೆಯನ್ನು ನಾನು ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಅದನ್ನು ಕಣ್ಣಾರೆ ನೋಡಿದೆನೋ ಕೇಳಿದೆನೋ ಎಂಬುದೇ ಈಗ ಸ್ಪಷ್ಟವಿಲ್ಲ.

ಗುಜರಿಯಲ್ಲಿ ಬಗ್ಗಿ ನೋಡಿದೆ. ಕೆಳಗಿನ ಕೊಳವೆಯ ಮೇಲೆ ಒಂದು ಗೇಣುದ್ದದ ಗೀರು. ಬಣ್ಣ ಸೀಳಿ ಕಬ್ಬಿಣ ಕಾಣುತ್ತಿತ್ತು. ತಂಗಿ ಹುಟ್ಟಿದ ದಿನದ ಗೀರು, ಇಷ್ಟು ವರ್ಷ ಹೀಗೇ ಉಳಿದು, ನನಗಾಗಿ ಇಲ್ಲಿ ಕಾದಿದೆ ಎಂದುಕೊಂಡೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಕೊಟ್ಟ. ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ತಂದೆ.

ಹೊರಡುವಾಗ ಇಸ್ಮಾಯಿಲ್ ಸಾಹೇಬರು ಬಸ್ಸಿನ ಕಿಟಕಿಯ ಹತ್ತಿರ ಬಂದು ಒಂದು ಮಾತು ಹೇಳಿದರು. “ನೋಡಿ, ಇದಕ್ಕೆ ಮಾತ್ರ ಬಣ್ಣ ಬಳಿಸ್ಬೇಡಿ. ಬಣ್ಣ ಯಾವಾಗ ಬೇಕಾದ್ರೂ ಬಳೀಬಹುದು. ತೆಗೆದದ್ದು ಮತ್ತೆ ಬರೂದಿಲ್ಲ. ಎಣ್ಣೆ ಹಚ್ಚಿ ಒರೆಸಿ, ಹಾಗೇ ಇಡಿ.”

ಮಾತು ನನ್ನ ಮನಸ್ಸಿಗೆ ಹಿಡಿಸಿತು. ಏಕೆಂದರೆ ನನಗೂ ಅದೇ ಬೇಕಾಗಿತ್ತು. ನಮಗೆ ಬೇಕಾದದ್ದನ್ನೇ ಹೇಳುವವರನ್ನು ನಾವು ತಿಳಿದವರು ಎನ್ನುತ್ತೇವೆ. ಅಂಗಡಿಯಲ್ಲಿ ದಿನಾ ನೋಡುತ್ತೇನಲ್ಲ, ಇಪ್ಪತ್ತು ವರ್ಷದ ಹಳೆಯ ಫ್ರೇಮು ತಂದು, “ಗಾಜು ಮಾತ್ರ ಬದಲು ಮಾಡಿ, ಫ್ರೇಮು ಇದೇ ಇರಲಿ” ಎನ್ನುವವರನ್ನು. ಕಿವಿಯ ಕಡ್ಡಿಗೆ ದಾರ ಸುತ್ತಿರುತ್ತಾರೆ, ಮೂಗಿನ ಮೇಲಿನ ಸೇತುವೆಗೆ ಮೇಣ ಮೆತ್ತಿರುತ್ತಾರೆ. ಹೊಸದು ತೋರಿಸಿದರೆ ಕನ್ನಡಿಯಲ್ಲಿ ನೋಡಿಕೊಂಡು, “ಇದರಲ್ಲಿ ನಾನು ಬೇರೆ ಯಾರೋ ಕಂಡ ಹಾಗೆ ಕಾಣ್ತೇನೆ” ಎಂದು ತೆಗೆದಿಡುತ್ತಾರೆ. ಮೊದಲೆಲ್ಲ ಒಳಗೊಳಗೇ ನಗುತ್ತಿದ್ದೆ. ಜಗಲಿಯಲ್ಲಿ ಸೈಕಲ್ಲು ಬಂದು ನಿಂತ ಮೇಲೆ ನಗು ನಿಂತಿತು.

ಆದರೂ ಸಂಶಯ ಹೋಗಲಿಲ್ಲ. ನಮ್ಮ ಕರಾವಳಿಯಲ್ಲಿ ಹಳೆಯದನ್ನು ಹಳೆಯದಾಗಿಯೇ ಇಡುವ ಪದ್ಧತಿಯೇ ಇಲ್ಲವಲ್ಲ. ಮಳೆ ಕಳೆದ ಮೇಲೆ ಗೋಡೆಗೆ ಸುಣ್ಣ. ಸಮುದ್ರಕ್ಕೆ ಇಳಿಯುವ ಮೊದಲು ದೋಣಿಗೆ ಬಣ್ಣ. ಯಕ್ಷಗಾನದ ವೇಷಧಾರಿ ಮೊನ್ನೆಯ ಬಣ್ಣವನ್ನೇ ಮುಖದಲ್ಲಿ ಉಳಿಸಿಕೊಂಡು ಇಂದಿನ ಆಟಕ್ಕೆ ಬರುವುದಿಲ್ಲ. ತೊಳೆದು, ಮತ್ತೆ ಕನ್ನಡಿಯ ಮುಂದೆ ಕೂತು, ಅದೇ ರಾಜನನ್ನು ಹೊಸದಾಗಿ ಬರೆದುಕೊಳ್ಳುತ್ತಾನೆ. ಹೀಗೆ ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದು ಮಾಡಿಕೊಳ್ಳುವ ಊರಿನಲ್ಲಿ, ನಾನೊಬ್ಬ ತುಕ್ಕಿಗೆ ತೆಂಗಿನೆಣ್ಣೆ ಸವರುತ್ತ ಕೂತಿದ್ದೆ. ಹೆಂಡತಿ ಒಂದು ದಿನ ಕೇಳಿಯೇ ಬಿಟ್ಟಳು. “ಅದು ಯಾರದೋ ಸೈಕಲ್ಲು. ನಿಮ್ಗೆ ಅಷ್ಟು ಗೊತ್ತಾಗದೇ ಹೋದ್ರೆ ಅವ್ರನ್ನೇ ಕೇಳೂದಲ್ವಾ? ಅವ್ರು ಇದ್ದಾರಾ ಇಲ್ವಾ?”

ನಾಚಿಕೆಯ ಸಂಗತಿ ಎಂದರೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನನ್ನ ನೆನಪಿನ ನರ್ಸಕ್ಕನನ್ನು ನಾನು ಜೋಪಾನ ಮಾಡುತ್ತಿದ್ದೆ. ನಿಜವಾದ ನರ್ಸಕ್ಕ ಎಲ್ಲಿದ್ದಾಳೆಂದು ವಿಚಾರಿಸಿರಲಿಲ್ಲ. ವಿಚಾರಿಸಲು ಎರಡು ಫೋನು ಸಾಕಾಯಿತು. ಕೊನೆಗೆ ಮುಟ್ಟಳ್ಳಿಯಲ್ಲಿ ಕೆಲಸ ಮಾಡಿ, ಅಲ್ಲೇ ನಿವೃತ್ತಿಯಾಗಿ, ಈಗ ಕುಮಟಾದಲ್ಲಿ ಅಣ್ಣನ ಮಗಳು ವನಿತಾಳ ಜೊತೆ ಇದ್ದಳು. ವನಿತಾ ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ನಲವತ್ತು ದಾಟಿದವಳು. ಒಂದು ಭಾನುವಾರ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಅವರ ಅಂಗಳದಲ್ಲಿ ಇಳಿಸಿ, ನರ್ಸಕ್ಕನ ಕಣ್ಣಲ್ಲಿ ನೀರು ಬರುವುದನ್ನು ನೋಡಲು ಸಿದ್ಧನಾಗಿ ನಿಂತೆ.

ನರ್ಸಕ್ಕ ಬಾಗಿಲಿಗೆ ಬಂದಳು. ಎಂಬತ್ತರ ಹತ್ತಿರ ಹತ್ತಿರ. ನೆಟ್ಟಗಿನ ಬೆನ್ನು, ಕತ್ತರಿಸಿದ ಬಿಳಿ ಕೂದಲು, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ ಎಂದು ನನಗೆ ನೋಡಿದೊಡನೆ ತಿಳಿಯಿತು. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಹ್ಯಾಂಡಲ್ ಹಿಡಿದು ಅಲುಗಾಡಿಸಿದಳು. ಫ್ರೇಮಿನ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ತುಕ್ಕನ್ನು ನನಗೆ ತೋರಿಸಿದಳು.

“ಇದನ್ನ ಈ ಗತಿಗೆ ತಂದವ್ರು ಯಾರು?”

“ನಾನಲ್ಲ ನರ್ಸಕ್ಕ. ಗುಜರಿಲಿ ಸಿಕ್ಕಿತು. ಹಳೆ ಬಣ್ಣ ಹಾಗೇ ಇರ್ಲಿ ಅಂತ...”

“ಹಳೆ ಬಣ್ಣ ಎಲ್ಲುಂಟು? ಇದು ತುಕ್ಕು. ನಾ ಹೊಡೂವಾಗ ಹಿಂಗಿರ್ಲಿಲ್ಲ ತಮಾ. ಎರಡ್ಮೂರು ವರ್ಷಕ್ಕೊಮ್ಮೆ ಮಳೆ ಹಿಡೂದ್ರೊಳಗೆ ಬಣ್ಣ ಬಳೀತಿದ್ದೆ. ರಿಟೈರ್ ಆದಾಗ ಒಬ್ರಿಗೆ ಕೊಟ್ಟೆ. ಅವ್ರು ಮಳೆಲಿ ಬಿಟ್ರು ಕಾಣ್ತದೆ. ಈ ತುಕ್ಕು ನಂದಲ್ಲ.”

ನಾಲ್ಕು ತಿಂಗಳು ಎಣ್ಣೆ ಸವರಿ ಕಾಪಾಡಿದ್ದು ಅವಳ ದುಡಿಮೆಯ ಗುರುತನ್ನಲ್ಲ, ಯಾರದೋ ಅಸಡ್ಡೆಯನ್ನು. ಆದರೂ ನನ್ನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಗೀರು ತೋರಿಸಿದೆ. ಆಷಾಢದ ಮಳೆ, ನಮ್ಮ ಮನೆಯ ತಿರುವು, ತಂಗಿ ಹುಟ್ಟಿದ್ದು, ಮೊಣಕೈಯ ರಕ್ತ, ಎಲ್ಲ ಹೇಳಿದೆ. ಅಜ್ಜಿ ಹೇಳುತ್ತಿದ್ದುದಕ್ಕಿಂತ ಚೆನ್ನಾಗಿಯೇ ಹೇಳಿದೆ ಎಂದು ನನ್ನ ನಂಬಿಕೆ. ನರ್ಸಕ್ಕ ಗಮನವಿಟ್ಟು ಕೇಳಿದಳು.

“ನೆನಪಿಲ್ಲ ತಮಾ. ಬೇಜಾರ್ ಮಾಡ್ಕಬೇಡ. ಬಿದ್ದದ್ದು ಒಂದೆರಡು ಸಲ ಅಲ್ಲ. ತಂಗಿ ಹುಷಾರಿದ್ದಾಳೋ?”

ಹುಷಾರಿದ್ದಾಳೆ ಎಂದೆ. ಎರಡು ಮಕ್ಕಳು ಎಂದೆ. “ಆತು ಹಾಗಾದ್ರೆ,” ಎಂದಳು. ಅವಳ ಮಟ್ಟಿಗೆ ಆ ಕೇಸು ಅಲ್ಲಿಗೆ ಮುಗಿದಿತ್ತು. ವನಿತಾ ತಂದ ಚಹಾ ಕುಡಿಯುತ್ತಿರುವಾಗ ನರ್ಸಕ್ಕನ ಅಪ್ಪಣೆಯಾಯಿತು. ಮಾವಿನಕುರ್ವೆಯಲ್ಲಿ ದೋಣಿಗೆ ಬಣ್ಣ ಬಳಿಯುವವರು ಯಾರಾದರೂ ಇದ್ದರೆ ಅವರಿಗೆ ತೋರಿಸಬೇಕು, ಸೈಕಲ್ ಅಂಗಡಿಗೆ ಕೊಡಬಾರದು, ದೋಣಿಯವರಿಗೆ ಉಪ್ಪಿನ ಗಾಳಿ ಗೊತ್ತು.

ಮಾವಿನಕುರ್ವೆಯ ಪಾಂಡು ನನ್ನ ಗಿರಾಕಿ. ಮನೆಮಾತು ಕೊಂಕಣಿ, ನನ್ನೊಡನೆ ಕನ್ನಡ. ಕೆಲಸ ಮಾಡುವಾಗ ಎರಡೂ ಇಲ್ಲ. ಫ್ರೇಮನ್ನು ಬಿಡಿಸಿ, ಹೊಳೆಯ ದಡಕ್ಕೆಳೆದ ದೋಣಿಯ ನೆರಳಲ್ಲಿ ಎರಡು ಕಲ್ಲುಗಳ ಮೇಲೆ ಇಟ್ಟುಕೊಂಡು, ಒಂದು ವೀಳ್ಯದೆಲೆಯಷ್ಟು ಜಾಗವನ್ನು ಮರಳು ಕಾಗದದಿಂದ ತಿಕ್ಕತೊಡಗಿದ. ನಾನು ಪಕ್ಕದಲ್ಲಿ ಕೂತು, ಗೀರು ಇರುವ ಕಡೆ ಹುಷಾರು, ಅದನ್ನು ಉಳಿಸಬಹುದೋ ನೋಡು ಎಂದು ಎರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ಅವನು ಕಾಗದ ಕೆಳಗಿಟ್ಟ.

“ಎಂತ ಉಂಟು ಆ ಗೀರಲ್ಲಿ?”

ಹೇಳಿದೆ. ಅವನು ಬಗ್ಗಿ ನೋಡಿದ. ಉಗುರಿನಿಂದ ಗೀರಿನ ಅಂಚನ್ನು ತಡವಿದ.

“ಇದು ಹೊಸ ಗೀರು ಮಾರಾಯ್ರೆ. ನೋಡಿ, ಎಲ್ಲಕ್ಕಿಂತ ಮೇಲಿನ ಬಣ್ಣ ಸಮೇತ ಹರ್ದದೆ. ಕಬ್ಬಿಣಕ್ಕೆ ಇನ್ನೂ ಸರಿಯಾಗಿ ತುಕ್ಕು ಹಿಡೀಲಿಲ್ಲ. ನಿಮ್ಮ ತಂಗಿ ಹುಟ್ಟಿದಾಗಿಂದು ಆದ್ರೆ ಮೇಲಿಂದ ಅಷ್ಟೂ ಬಣ್ಣ ಕೂರ್ತಿತ್ತಲ್ಲ? ಇದು ಗುಜರಿಲಿ ಎಳ್ದಾಡುವಾಗ ಆದದ್ದು.”

ಮೂವತ್ತು ವರ್ಷದಿಂದ ಜನರಿಗೆ ಸರಿಯಾಗಿ ಕಾಣಿಸುವ ವ್ಯಾಪಾರ ನನ್ನದು. ಒಂದು ಗೀರನ್ನು ನಾನು ನೋಡಿದ್ದು ಹೀಗೆ. ಸಂಜೆ ತಂಗಿಗೆ ಫೋನು ಮಾಡಿ ಹೇಳಿದರೆ, ಅವಳು ನಕ್ಕು, “ಅಣ್ಣಾ, ನಾ ಇಲ್ಲಿ ಇದ್ನಲ್ಲ, ನಿಂಗೆ ಮತ್ತೆ ಗೀರು ಎಂತಕ್ಕೆ?” ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಅವಳಿಗೆ ಫೋನು ಮಾಡದೆ ಎರಡು ತಿಂಗಳಾಗಿತ್ತು.

ಆದರೆ ಪಾಂಡು ತಿಕ್ಕಿದ ಆ ಎಲೆಯಷ್ಟು ಜಾಗ ಬೇರೆಯೇ ಒಂದು ಲೋಕ ತೆರೆಯಿತು. ಕಂದುಗೆಂಪಿನ ಕೆಳಗೆ ಬೂದಿ. ಬೂದಿಯ ಕೆಳಗೆ ಹಳದಿ. ಆಮೇಲೆ ಮತ್ತೊಂದು ಕೆಂಪು, ತಿಳಿ ಹಸಿರು, ದಟ್ಟ ಹಸಿರು. ಮರದ ದಿಮ್ಮಿಯ ಉಂಗುರಗಳ ಹಾಗೆ ಒಂದರೊಳಗೊಂದು. ಇಬ್ಬರೂ ಎಣಿಸಿದೆವು, ಒಂಬತ್ತರ ಮೇಲೆ ನಮ್ಮಿಬ್ಬರ ಲೆಕ್ಕ ಹೊಂದಲಿಲ್ಲ. ಎಲ್ಲಕ್ಕೂ ಅಡಿಯಲ್ಲಿ ಕಂಪನಿಯ ಕಪ್ಪು. ಆ ಕಪ್ಪಿನ ಮೇಲೆ, ದಟ್ಟ ಹಸಿರಿನ ಕೆಳಗೆ, ಒಂದು ನೀಲಿ. ಅಷ್ಟು ಚಂದದ ನೀಲಿಯನ್ನು ನಾನು ಈಚೆಗೆ ನೋಡಿರಲಿಲ್ಲ. ಪಾಂಡು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೇಳಿದ, “ಇದು ಸೈಕಲ್ ಬಣ್ಣ ಅಲ್ಲ. ದೋಣಿದು. ನನ್ನ ಅಪ್ಪ ಇದನ್ನೇ ಬಳೀತಿದ್ದ.”

ಫೋಟೋ ತೆಗೆದು ಇಸ್ಮಾಯಿಲ್ ಸಾಹೇಬರಿಗೆ ಕಳಿಸಿದೆ. ಅವರು ಕೂಡಲೇ ಫೋನು ಮಾಡಿದರು. ಬಣ್ಣದ ಪದರಗಳು ಕಾಣುವ ಆ ಕಿಟಕಿಯನ್ನು ಹಾಗೇ ಬಿಟ್ಟು, ಇಡೀ ಫ್ರೇಮಿಗೆ ಬಣ್ಣವಿಲ್ಲದ ವಾರ್ನಿಷ್ ಹೊಡೆಸಿದರೆ ಇಂಥದ್ದು ಇನ್ನೊಂದು ಇಲ್ಲ ಎಂದರು. ಗೀರಿನಲ್ಲಿ ಕಳೆದುಕೊಂಡ ಮರ್ಯಾದೆ ಹೀಗೆ ಬಡ್ಡಿ ಸಮೇತ ಬಂತೆಂದು ಹಿಗ್ಗಿ, ಮುಂದಿನ ಭಾನುವಾರ ಬರೀ ಫ್ರೇಮನ್ನು ಗೋಣಿಯಲ್ಲಿ ಸುತ್ತಿಕೊಂಡು ಕುಮಟಾ ಬಸ್ಸು ಹತ್ತಿದೆ.

ನರ್ಸಕ್ಕ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ಫ್ರೇಮನ್ನು ಅವಳ ಮೊಣಕಾಲಿಗೆ ಒರಗಿಸಿ, ಒಂದೊಂದೇ ಬಣ್ಣ ತೋರಿಸಿದೆ. ಅವಳು ಖುಷಿಯಿಂದಲೇ ನೋಡಿದಳು. ಹಳದಿ ಯಾವುದೋ ಶಾಲೆಯ ಬಾಗಿಲಿಗೆ ತಂದು ಉಳಿದದ್ದು, ಬೂದಿ ಸರಕಾರದ್ದು, ತಿಳಿ ಹಸಿರು ಒಬ್ಬ ಬಾಣಂತಿಯ ತಂದೆ ಕೊಟ್ಟದ್ದು. ಪೊರೆ ತೆಗೆಸಿಕೊಂಡವರಿಗೆ ಎಲ್ಲ ಬಣ್ಣಕ್ಕಿಂತ ನೀಲಿ ಎದ್ದು ಕಾಣುತ್ತದೆ. ನಮ್ಮ ಅಂಗಡಿಗೆ ಬರುವವರು, ಆಕಾಶ ಇಷ್ಟು ನೀಲಿ ಇದ್ದದ್ದು ಮರೆತೇ ಹೋಗಿತ್ತು ಎನ್ನುತ್ತಾರೆ. ನಾನು ಈ ಪಾಂಡಿತ್ಯವನ್ನು ವನಿತಾಳಿಗೆ ವಿವರಿಸುತ್ತಿದ್ದೆ. ನರ್ಸಕ್ಕನ ಬೆರಳು ನೀಲಿಯ ಮೇಲೆ ನಿಂತಿತ್ತು. ಮುಖ ಬದಲಾಗಿತ್ತು.

“ಇದು ಇನ್ನೂ ಇತ್ತಾ,” ಎಂದಳು.

ಅವಳು ಬಸಳೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

“ಹೊಳೆಯಾಚೆ ಒಂದು ಮನೆ. ಅಲ್ಲಿ ಒಂದು ಹೆಂಗ್ಸು, ಅದಕ್ಕೆ ಮೂರನೇ ಹೆರಿಗೆ, ತ್ರಾಸಾಗೂದಿಲ್ಲ ಅಂದ್ಕಂಡಿದ್ದೆ. ಕರೆ ಬಂದಾಗ ಹೊಳೆಗೆ ನೆರೆ. ದೋಣಿಯವ ಬಿಡೂದಿಲ್ಲ ಅಂದ. ಅವಂದು ತಪ್ಪಲ್ಲ, ನೀರು ಹಂಗಿತ್ತು. ನಾ ಸೈಕಲ್ ಹಿಡ್ಕಂಡು ದಡದಲ್ಲೇ ನಿಂತೆ. ಬೆಳಗಿಂದ ಮಧ್ಯಾಹ್ನದ ವರೆಗೆ ನಿಂತೆ. ನೀರು ಇಳ್ದ ಮೇಲೆ ದಾಟ್ದೆ. ತಾಯಿ ಉಳೀತು. ಮಗು ಉಳೀಲಿಲ್ಲ.”

ವನಿತಾ ಅತ್ತೆಯ ಪಕ್ಕದಲ್ಲಿ ಬಂದು ಕೂತಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಇದನ್ನು ಕೇಳಿರಲಿಲ್ಲವೆಂದು ಅವಳ ಮುಖ ಹೇಳುತ್ತಿತ್ತು.

“ಎಂಟು ದಿನದ ಮೇಲೆ ಆ ಹೆಂಗ್ಸಿನ ಗಂಡ ಬಂದ. ಕೈಲಿ ಅರ್ಧ ಡಬ್ಬಿ ಬಣ್ಣ, ದೋಣಿಗೆ ಅಂತ ತಂದದ್ದು. ಸೈಕಲ್ಲನ್ನ ಅಂಗಳಕ್ಕೆ ತಕ್ಕಂಡು ಹೋಗಿ ಬಳೀಲಿಕ್ಕೆ ಹಿಡ್ದ. ಎಂತಕ್ಕಪ್ಪಾ ಅಂತ ಕೇಳ್ದೆ. ‘ನೀವು ಈಚೆ ದಡದಲ್ಲಿ ನಿಂತದ್ದು ನಂಗೆ ಆಚಿಂದ ಕಾಣ್ತಿತ್ತು’ ಅಂದ.”

ನರ್ಸಕ್ಕ ಫ್ರೇಮನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಆ ನೀಲಿ ಮೇಲೆ ಕೂತು ಮತ್ತೊಬ್ಬಳ ಹೆರಿಗೆಗೆ ಹ್ಯಾಂಗೆ ಹೋಗೂದು? ಒಂದು ತಿಂಗಳು ಹೊಡ್ದೆ. ಆಗ್ಲಿಲ್ಲ. ಹಸಿರು ಬಳ್ದುಬಿಟ್ಟೆ. ಅವ ನೋಡ್ದ. ದೋಣಿ ಹತ್ತೂ ಜಾಗದಲ್ಲಿ ದಿನಾ ಸಿಗ್ತಿದ್ದ. ಎಂತದೂ ಕೇಳ್ಲಿಲ್ಲ. ಮೊದ್ಲಿನ ಹಾಗೇ ಸೈಕಲ್ ಎತ್ತಿ ದೋಣಿಲಿ ಇಟ್ಟು ಕೊಡ್ತಿದ್ದ. ಅವ ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ.”

ನನಗೆ ತೋಚಿದ್ದು ಒಂದೇ. ಹಾಗಾದರೆ ಇದನ್ನು ಹೀಗೇ ಇಡೋಣ ನರ್ಸಕ್ಕ ಎಂದೆ. ವಾರ್ನಿಷ್ ಹೊಡೆಸಿ, ಈ ಜಾಗವನ್ನು ತೆರೆದೇ ಬಿಟ್ಟು, ಯಾರೂ ಮುಟ್ಟದ ಹಾಗೆ ಇಡೋಣ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಅವಳು ನನ್ನನ್ನು ಮರುಕದಿಂದ ನೋಡಿದಳು.

“ಗಾಯನ ತೆರೆದಿಟ್ಟು ಎಂತ ಮಾಡ್ತೆ ತಮಾ? ತೊಳೂದು, ಔಷಧ ಹಚ್ಚೂದು, ಪಟ್ಟಿ ಕಟ್ಟೂದು. ನಿಂಗೆ ನೆನಪಿಗೆ ಬೇಕಾದ್ರೆ ಫೋಟೋ ತಕ್ಕೋ.” ಆಮೇಲೆ ಮತ್ತೆ ಆ ನೀಲಿಯನ್ನು ಮುಟ್ಟಿದಳು. “ಎಲ್ಲ ಕೆರೆಸು. ಕೆರೆಸಿ ಈ ನೀಲೀನೇ ಬಳಿಸು. ಅವ ಎಷ್ಟು ಚಂದ ಬಳ್ದಿದ್ದ. ನಾನೇ ನೋಡ್ಲಿಲ್ಲ.”

ಪಾಂಡುವಿಗೆ ಇದನ್ನೆಲ್ಲ ಹೇಳಿದಾಗ ಅವನು ಹೂಂ ಎಂದಷ್ಟೇ ಅಂದ. ಆದರೆ ಆ ನೀಲಿ ಈಗ ಡಬ್ಬಿಯಲ್ಲಿ ಸಿಗುವುದಿಲ್ಲವಂತೆ. ಮೂರು ದಿನ ಹಲಗೆ ತುಂಡುಗಳ ಮೇಲೆ ಬಣ್ಣ ಬೆರೆಸಿ ಬೆರೆಸಿ ಹಚ್ಚಿ, ಒಣಗಿಸಿ, ಆ ಎಲೆಯಷ್ಟು ಜಾಗದ ಪಕ್ಕ ಹಿಡಿದು ನೋಡಿದ. ಹೊಂದಿದ ಮೇಲೆಯೇ ಫ್ರೇಮನ್ನು ಕಬ್ಬಿಣ ಕಾಣುವವರೆಗೆ ಕೆರೆದ. ಒಂಬತ್ತೋ ಹತ್ತೋ ಪದರ ಬಣ್ಣ ಪುಡಿಯಾಗಿ ಮರಳಿನ ಮೇಲೆ ಬಿತ್ತು. ಗಾಳಿ ಬಂದು ಅದನ್ನು ಹೊಳೆಯ ಕಡೆ ಒಯ್ದಿತು. ಚೈನಿನ ಮುಚ್ಚಳದ ಮೇಲೆ ಹೆಸರು ಬರೆಯಲೇ ಎಂದು ಅವನು ಕೇಳಿದ; ದೋಣಿ ಬಳಿಯುವವರಿಗೆ ಹೆಸರಿಲ್ಲದೆ ಕೆಲಸ ಮುಗಿಯುವುದಿಲ್ಲ. ನರ್ಸಕ್ಕನನ್ನು ಕೇಳಿದರೆ, “ಹೊಡೂವವ್ರ ಹೆಸ್ರು ಬರೀಲಿ,” ಎಂದಳು. ಹೊಡೆಯುವವರು ಯಾರೂ ಇಲ್ಲದ್ದರಿಂದ ಆ ಜಾಗ ಖಾಲಿ ಉಳಿಯಿತು.

ಇಸ್ಮಾಯಿಲ್ ಸಾಹೇಬರಿಗೆ ವಿಷಯ ತಿಳಿಸಲು ನನಗೆ ಧೈರ್ಯವಿರಲಿಲ್ಲ. ಕೊನೆಗೆ ಅಂಗಡಿಗೇ ಹೋಗಿ, ಹೊಳೆಯ ದಡದ ಕಥೆಯನ್ನೂ ಸೇರಿಸಿ ಹೇಳಿದೆ. ಅವರು ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಒಳಗೆ ಹೋಗಿ ಒಂದು ಹಳೆಯ ಹಿತ್ತಾಳೆಯ ಗಂಟೆ ತಂದು ನನ್ನ ಕೈಯಲ್ಲಿಟ್ಟರು. “ಅದರ ಗಂಟೆ ಹೋಗಿದೆಯಲ್ಲ, ಇದನ್ನ ಹಾಕ್ಸಿ. ಇದನ್ನ ಮಾತ್ರ ಪಾಲಿಶ್ ಮಾಡಿಸ್ಬೇಡಿ,” ಎಂದರು.

ಸೈಕಲ್ಲು ಕುಮಟಾದ ಅಂಗಳಕ್ಕೆ ಮರಳಿದಾಗ, ಹ್ಯಾಂಡಲ್ ಹಿಡಿದು ಬಿಡದೆ ನಿಂತವಳು ವನಿತಾ. ಚಿಕ್ಕವಳಿದ್ದಾಗ ಮನೆಯಲ್ಲಿ ಕಲಿಯಲು ಬಿಡಲಿಲ್ಲವಂತೆ, ದೊಡ್ಡವಳಾದ ಮೇಲೆ ನಾಚಿಕೆ ಬಿಡಲಿಲ್ಲವಂತೆ. “ಈ ವಯಸ್ಸಿಗೆ ಬರ್ತದಾ ಅತ್ತೆ?” ಎಂದು ಕೇಳಿದಳು. “ನಾ ಕಲ್ತದ್ದು ನೌಕರಿ ಸಿಕ್ಕಿದ ಮೇಲೆ. ನಾಳೆ ಶಾಲೆ ಬಯಲಿಗೆ ನಡಿ,” ಎಂದಳು ನರ್ಸಕ್ಕ.

ಮೂರು ಭಾನುವಾರ ನಾನೂ ಹೋದೆ. ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುವ ಕೆಲಸ ನನ್ನದು. ಅದಕ್ಕೆ ಸೈಕಲ್ ಬರಬೇಕಾಗಿಲ್ಲ. ನರ್ಸಕ್ಕ ಗೋಳಿಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಿದ್ದಳು. ವನಿತಾ ಮೊದಲ ವಾರ ಬಿದ್ದಳು. ಎರಡನೆಯ ವಾರ ಇಬ್ಬರೂ ಬಿದ್ದೆವು. ಅವಳ ಕಷ್ಟವೇನೆಂದರೆ, ಹತ್ತಿದೊಡನೆ ತಲೆ ತಗ್ಗಿಸಿ ಮುಂದಿನ ಚಕ್ರವನ್ನೇ ನೋಡುತ್ತಿದ್ದಳು, ಅದು ಎಲ್ಲಿ ತಪ್ಪಿಸಿಕೊಂಡು ಹೋಗುತ್ತದೋ ಎಂಬಂತೆ.

ಮೂರನೆಯ ಭಾನುವಾರ ನರ್ಸಕ್ಕ ಕುರ್ಚಿ ಬಿಟ್ಟು ಎದ್ದು ಬಂದಳು. ವನಿತಾಳ ಗದ್ದ ಹಿಡಿದು ಮುಖವನ್ನು ಮೇಲೆತ್ತಿದಳು. “ಚಕ್ರ ನೋಡ್ಬ್ಯಾಡ ತಂಗಿ. ಅದಕ್ಕೆ ತಿರುಗೂಕೆ ಗೊತ್ತುಂಟು. ನೀ ಗೇಟ್ ನೋಡು.”

ವನಿತಾ ಗೇಟ್ ನೋಡಿದಳು. ನಾನು ಹತ್ತು ಹೆಜ್ಜೆ ಓಡಿದೆ. ಹನ್ನೊಂದನೆಯ ಹೆಜ್ಜೆಗೆ ನನ್ನ ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ. ಅವಳು ಬಯಲು ದಾಟಿ, ಗೇಟು ದಾಟಿ, ರಸ್ತೆಗೆ ತಿರುಗಿದಳು. ಕಂಪೌಂಡ್ ಗೋಡೆಯ ಮೇಲೆ ಅವಳ ತಲೆ ಮಾತ್ರ ಕಾಣುತ್ತಿತ್ತು, ನೆಟ್ಟಗೆ, ಒಂದೇ ಸಮನೆ ಸಾಗುತ್ತ. ನಾನು ಏದುಸಿರು ಬಿಡುತ್ತ ಕೇಳಿದೆ, “ನರ್ಸಕ್ಕ, ಬ್ರೇಕ್ ಹಾಕೂದು ಹೇಳಿಕೊಟ್ಟಿದ್ರಾ?”

ಅವಳು ಗೋಡೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. “ಇಲ್ಲ,” ಎಂದಳು. “ಮೊದ್ಲು ಹೋಗ್ಲಿ.”